ಈದ ಹೆಣ್ಣೊಂಟೆಯ ಆರೈಕೆ

ರಾಜಸ್ಥಾನದ ಬಿಕಾನೇರ್, ಜೈಸಲ್ಮೇರ್ ಭಾಗದಲ್ಲಿ ಹೆಣ್ಣೊಂಟೆ ಸುಮಾರು 13 ತಿಂಗಳು ಗರ್ಭ ಧರಿಸಿ, ಹೆಚ್ಚಾಗಿ ಚಳಿಗಾಲದಲ್ಲಿ ಈಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಮರಿ. ಆದ್ದರಿಂದ ತಾಯಿ ಸತ್ತರೆ ಸಾಕುವವನಿಗೆ ದೊಡ್ಡ ನಷ್ಟ.

ಈದ ಒಂದೆರಡು ಗಂಟೆಯೊಳಗೆ ಸತ್ತೆ ಬೀಳುವುದು ವಾಡಿಕೆ. ಅದು ಪೂರ್ಣವಾಗಿ ಬಿದ್ದಿದೆಯೇ ಎಂದು ಹರಡಿ ನೋಡಬೇಕು. ತಡವಾದರೆ ಎಳೆಯಬಾರದು, ಭಾರ ಕಟ್ಟಬಾರದು, ಪಶುವೈದ್ಯರನ್ನು ಕರೆಸಬೇಕು. ದುರ್ವಾಸನೆಯ ಸ್ರಾವ, ಮೇವು ಬಿಡುವುದು ಗರ್ಭಕೋಶದ ಸೋಂಕಿನ ಲಕ್ಷಣಗಳು.

ಒಂಟೆಯ ಮೈಶಾಖ ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ನೀರಿಲ್ಲದಾಗ ಈ ಅಂತರ 6 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಸಂಜೆಯ ಶಾಖವನ್ನೇ ಜ್ವರವೆಂದು ಭ್ರಮಿಸದಿರಲು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಬರೆದಿಡಿ.

ಕೆಚ್ಚಲು ಬಿಸಿಯಾಗಿ ಊದಿದ್ದರೆ, ಹಾಲಿನಲ್ಲಿ ಗರಣೆ ಕಂಡರೆ ಅದು ಕೆಚ್ಚಲುಬಾವು; ಚಿಕಿತ್ಸೆ ತಡಮಾಡಬೇಡಿ. ಆದರೆ ತಾಯಿ ಮರಿಯನ್ನು ನೆಕ್ಕದಿರುವುದು ಒಂಟೆಯ ಸ್ವಭಾವ, ರೋಗವಲ್ಲ.