ಕಾಫಿಯೂ ರುಚಿಭೇದವೂ

ಕಾಫಿಯ ವಿಷಯದಲ್ಲಿ ಇಬ್ಬರು ಒಂದೇ ಅಭಿಪ್ರಾಯಕ್ಕೆ ಬಂದುದನ್ನು ಕಂಡವರು ವಿರಳ. ಒಬ್ಬರಿಗೆ ಹಾಲು ಮುಂದಾಗಿರಬೇಕು, ಇನ್ನೊಬ್ಬರಿಗೆ ಡಿಕಾಕ್ಷನ್ ಮುಂದಾಗಿರಬೇಕು. ಒಬ್ಬರಿಗೆ ನಾಲಗೆ ಸುಡುವಷ್ಟು ಬಿಸಿ, ಮತ್ತೊಬ್ಬರಿಗೆ ಆರಿಸಿ ಕುಡಿಯುವ ಸಮಾಧಾನ. ಸಕ್ಕರೆಯ ಮಾತಂತೂ ಹೇಳುವುದೇ ಬೇಡ. ಇದೆಲ್ಲ ಬರಿಯ ನಾಲಗೆಯ ಚಪಲವೆಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ ಸ್ವಲ್ಪ ವಿಚಾರಮಾಡಿ ನೋಡಿದರೆ ಒಂದೊಂದು ಅಭಿರುಚಿಯ ಹಿಂದೆಯೂ ಒಂದೊಂದು ಕಾರಣ ಕಾಣುವುದು. ಕೆಲವು ಕಾರಣಗಳು ದೇಹದಲ್ಲಿವೆ, ಕೆಲವು ಪುಡಿಯಲ್ಲಿವೆ, ಕೆಲವು ಊರು ಇರುವ ಸ್ಥಳದಲ್ಲಿವೆ. ಇನ್ನು ಕೆಲವು, ಮನೆಯಲ್ಲಿ ಮೊದಲ ಲೋಟ ಯಾರಿಗೆ ಸಲ್ಲುವುದೆಂಬುದರಲ್ಲಿವೆ.

ನಾಲಗೆಯಿಂದಲೇ ಪ್ರಾರಂಭಿಸೋಣ. ಎಲ್ಲರ ನಾಲಗೆಯೂ ಒಂದೇ ಅಲ್ಲವೆಂಬುದು 1931ರಲ್ಲಿ ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ತಿಳಿದುಬಂದಿತು. ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಒಂದು ರಾಸಾಯನಿಕದ ಪುಡಿಯನ್ನು ಸುರಿಯುತ್ತಿದ್ದಾಗ ಅದರ ಧೂಳು ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ‘ವಿಪರೀತ ಕಹಿ’ ಎಂದ. ಫಾಕ್ಸನಿಗೆ ಯಾವ ರುಚಿಯೂ ತಿಳಿಯಲಿಲ್ಲ. ಈ ಭೇದ ಹುಟ್ಟಿನಿಂದಲೇ ಬರತಕ್ಕದ್ದೆಂದು ಮುಂದೆ ಸ್ಥಿರಪಟ್ಟಿತು. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಬ್ರಿಟನ್ನಿನ 4 ಲಕ್ಷಕ್ಕೂ ಹೆಚ್ಚು ಜನರ ವಂಶಧಾತುಗಳನ್ನು ಪರಿಶೀಲಿಸಿದರು. ಕೆಫೀನಿನ ಕಹಿ ಹೆಚ್ಚಾಗಿ ತಿಳಿಯುವಂತೆ ಹುಟ್ಟಿದವರು ಕಾಫಿಯನ್ನು ಬಿಡುವುದಕ್ಕೆ ಬದಲು ತುಸು ಹೆಚ್ಚಾಗಿಯೇ ಕುಡಿಯುತ್ತಿದ್ದರು! ಕ್ವಿನೈನಿನಂಥ ಬೇರೆ ಕಹಿಗಳು ಹೆಚ್ಚಾಗಿ ತಿಳಿಯುವವರು ಚಹದ ಕಡೆಗೆ ವಾಲಿದ್ದರು. ಈ ಪರಿಣಾಮವೇನೂ ದೊಡ್ಡದಲ್ಲ. ಆದರೂ ‘ನಿನಗೆ ರುಚಿಯೇ ಗೊತ್ತಿಲ್ಲ’ ಎಂದು ಸಹಪಾಠಿಯನ್ನು ಮೂದಲಿಸುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹೊಟ್ಟೆಗೆ ಹೋದ ಮೇಲೂ ಭೇದವುಂಟು. ಕುಡಿದ ಕೆಫೀನಿನಲ್ಲಿ ಅರ್ಧಭಾಗ ದೇಹದಲ್ಲಿ ಕರಗಿಹೋಗಲು ಸಾಮಾನ್ಯವಾಗಿ 5 ಗಂಟೆಗಳ ಕಾಲ ಹಿಡಿಯುವುದು. ಕೆಲವರಿಗೆ ಇದು ಬಹು ಬೇಗ, ಕೆಲವರಿಗೆ ಬಹು ನಿಧಾನ. ಧೂಮಪಾನಿಗಳಲ್ಲಿ ಶೀಘ್ರ, ಗರ್ಭಿಣಿಯರಲ್ಲಿ ವಿಳಂಬ. ಸಂಜೆ 6 ಗಂಟೆಗೆ ಒಂದು ಲೋಟ ಕುಡಿದು ಹತ್ತಕ್ಕೆಲ್ಲ ಗೊರಕೆ ಹೊಡೆಯುವವನೂ, ಅದೇ ಲೋಟದಿಂದ ನಡುರಾತ್ರಿಯವರೆಗೆ ಜಂತಿ ಎಣಿಸುವವನೂ ಒಂದೇ ಕೋಣೆಯಲ್ಲಿರುವುದು ಹಾಸ್ಟೆಲಿನಲ್ಲಿ ಹೊಸದೇನಲ್ಲ.

ಇನ್ನು ‘ಸ್ಟ್ರಾಂಗ್’ ಎಂಬ ಮಾತು. ಹೋಟೆಲಿನಲ್ಲಿ ಇದರಷ್ಟು ಬಳಕೆಯಾಗುವ ಪದ ಇನ್ನೊಂದಿಲ್ಲ. ಇದರಷ್ಟು ಮೋಸಗೊಳಿಸುವ ಪದವೂ ಇಲ್ಲ. ಬಣ್ಣ ಕಪ್ಪಾಗಿದ್ದು ರುಚಿ ಕಹಿಯಾಗಿದ್ದರೆ ಅದು ಸ್ಟ್ರಾಂಗ್ ಎಂದು ನಾವು ತಿಳಿಯುತ್ತೇವೆ. ಬಣ್ಣ ಮತ್ತು ಕಹಿಗಳ ಬಹುಭಾಗ ಬರುವುದು ಬೀಜವನ್ನು ಹೆಚ್ಚು ಹುರಿದುದರಿಂದ, ಅಥವಾ ಚಿಕೋರಿಯಿಂದ. ಚಿಕೋರಿಯೆಂಬುದು ಒಂದು ಗಿಡದ ಬೇರು. ಅದನ್ನು ಒಣಗಿಸಿ ಹುರಿದು ಪುಡಿಮಾಡುತ್ತಾರೆ. ಬೇರಿನಲ್ಲಿರುವ ಇನುಲಿನ್ ಎಂಬ ಪದಾರ್ಥ ಹುರಿದಾಗ ಸುಟ್ಟ ಸಕ್ಕರೆಯಂತೆ ಕಂದುಗಟ್ಟುವುದು. ಕಾಫಿಯ ಪುಡಿಗಿಂತ ಎರಡು ಪಾಲಿಗೂ ಮೀರಿ ನೀರಿನಲ್ಲಿ ಕರಗುವುದು. ಆದಕಾರಣ ಡಿಕಾಕ್ಷನ್ ಮಂದವಾಗಿ, ಕಪ್ಪಾಗಿ ಇಳಿಯುವುದು. ಆದರೆ ಚಿಕೋರಿಯಲ್ಲಿ ಕೆಫೀನ್ ಲವಲೇಶವೂ ಇಲ್ಲ. ಪರೀಕ್ಷೆಯ ರಾತ್ರಿ ನಿದ್ರೆಯನ್ನು ಓಡಿಸಲೆಂದು ಕಪ್ಪು ಕಾಫಿಯನ್ನು ಆಯ್ದುಕೊಳ್ಳುವ ವಿದ್ಯಾರ್ಥಿ ಬೇರಿನ ಕಷಾಯವನ್ನು ಕುಡಿದು ಮಲಗಿಬಿಡುವ ಸಂಭವವುಂಟು!

ಬೀಜದಲ್ಲಿಯೂ ಎರಡು ಜಾತಿ. ಅರೇಬಿಕದಲ್ಲಿ ಸುಮಾರು ಶೇಕಡಾ 1.2ರಷ್ಟು ಕೆಫೀನ್ ಇದ್ದರೆ ರೊಬಸ್ಟದಲ್ಲಿ 2ಕ್ಕೂ ಮೀರಿರುವುದು. ಅರೇಬಿಕದಲ್ಲಿ ಸುವಾಸನೆ ಮತ್ತು ನವಿರಾದ ಹುಳಿ; ರೊಬಸ್ಟದಲ್ಲಿ ಒರಟುತನ ಮತ್ತು ಮೈ. ಪೀಬರಿ ಎಂಬುದು ಮೂರನೆಯ ಜಾತಿಯಲ್ಲ. ಹಣ್ಣಿನೊಳಗೆ ಎರಡು ಬೀಜಗಳಿರಬೇಕಾದೆಡೆ ಒಂದೇ ದುಂಡಗೆ ಬೆಳೆದರೆ ಅದೇ ಪೀಬರಿ. ಅಂಗಡಿಯಲ್ಲಿ ಅದಕ್ಕೆ ಬೆಲೆ ಹೆಚ್ಚು. ಆ ಬೆಲೆಯಷ್ಟು ರುಚಿಯೂ ಹೆಚ್ಚೆಂದು ನಾನು ಒಪ್ಪಲಾರೆ.

ಚಿಕೋರಿಯನ್ನು ಕಲಬೆರಕೆಯೆಂದು ಬೈಯುವವರೂ ಉಂಟು, ಅದಿಲ್ಲದೆ ಕಾಫಿಯೇ ಅಲ್ಲವೆನ್ನುವವರೂ ಉಂಟು. ಫ್ರಾನ್ಸಿನಲ್ಲಿ ನೆಪೋಲಿಯನ್ನನ ಕಾಲದಲ್ಲಿ, 1806ರಿಂದ ಇಂಗ್ಲಿಷರೊಡನೆ ವ್ಯಾಪಾರ ನಿಂತು ಕಾಫಿ ದುರ್ಲಭವಾದಾಗ, ಜನ ಈ ಬೇರನ್ನು ಹೆಚ್ಚಾಗಿ ಹಿಡಿದರು. ಬಡತನದಲ್ಲಿ ಅಭ್ಯಾಸವಾದದ್ದು ಆಮೇಲೆ ರುಚಿಯಾಗಿ ನಿಂತುಬಿಟ್ಟಿತು. ನಮ್ಮಲ್ಲಿಯೂ ಹಾಗೆಯೇ. 2011ರ ಆಹಾರ ನಿಯಮಗಳ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಮೆಯಿರಕೂಡದು. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚುಮಾಡಿರಬೇಕು. ಅಂದರೆ 49 ಪಾಲು ಬೇರಿದ್ದರೂ ಅದು ಅಂಗಡಿಯಲ್ಲಿ ಕಾಫಿಯೇ. ತಿಳಿದು ಕುಡಿಯುವುದು ಅಭಿರುಚಿ. ತಿಳಿಯದೆ ಕುಡಿದರೆ ಅದನ್ನು ಅಭಿರುಚಿಯೆನ್ನುವುದು ಹೇಗೆ? ಪೊಟ್ಟಣವನ್ನು ತಿರುಗಿಸಿ ಓದುವವರು ನಮ್ಮಲ್ಲಿ ಕಡಮೆ.

ಬೆಲ್ಲದ ಕಾಫಿಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಲೆನಾಡಿನ ಕಡೆಯಿಂದ ಬಂದ ಸ್ನೇಹಿತರು ಇದನ್ನು ಬಿಟ್ಟುಕೊಡುವುದಿಲ್ಲ. ನೀರು, ಬೆಲ್ಲ, ಪುಡಿ ಇವನ್ನು ಪಾತ್ರೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಒಲೆಯಿಂದ ಇಳಿಸಿದ ಮೇಲೆಯೇ ಹಾಲು ಬೆರೆಸುವುದು ಅದರ ಕ್ರಮ. ಹಾಲನ್ನೂ ಜೊತೆಗೇ ಕುದಿಸಿದರೆ ಬೆಲ್ಲದಲ್ಲಿರುವ ಹುಳಿ ಮತ್ತು ಲವಣಗಳಿಂದ ಅದು ಒಡೆಯುವುದು. ಅಜ್ಜಿಯರು ರಸಾಯನಶಾಸ್ತ್ರ ಓದದೆಯೇ ಇದನ್ನು ಬಲ್ಲರು. ಹಾಲು ಕೇವಲ ಬಣ್ಣಕ್ಕಲ್ಲ. ಅದರ ಕೇಸಿನ್ ಎಂಬ ಸಾರ ಕಾಫಿಯ ಒಗರನ್ನು ಹಿಡಿದು ಕಟ್ಟಿಹಾಕುವುದು; ಕೊಬ್ಬು ಕಹಿಯನ್ನು ಮಗ್ಗುಲಾಗಿಸುವುದು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಶೇಕಡಾ 6-7, ಹಸುವಿನದರಲ್ಲಿ ಸುಮಾರು 4. ಎಮ್ಮೆಯ ಹಾಲಿನ ಮನೆಯಲ್ಲಿ ಬೆಳೆದವರು ಡಿಕಾಕ್ಷನ್ ಹೆಚ್ಚು ಕೇಳಿದರೆ ಆಶ್ಚರ್ಯವಿಲ್ಲ.

ಈಗ ನಮ್ಮ ಊರಿಗೆ ಬರೋಣ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಬೆಳೆಸಿದರೆಂದು ಪ್ರತೀತಿಯಿರುವ ಗಿರಿ ನಮಗೆ ಬಹುದೂರವೇನಲ್ಲ. 1925ರಿಂದ ಕಾಫಿಯ ಸಂಶೋಧನೆ ನಡೆಯುತ್ತಿರುವ ಬಾಳೆಹೊನ್ನೂರೂ ಆ ಸೀಮೆಯಲ್ಲಿಯೇ ಇದೆ. ದೇಶದ ಕಾಫಿಯಲ್ಲಿ ನೂರಕ್ಕೆ 70 ಪಾಲು ಕರ್ನಾಟಕದ್ದು. ಇಷ್ಟಾದರೂ ದಾವಣಗೆರೆಯ ಬೀದಿಯಲ್ಲಿ ‘ಕಾಫಿ ಕುಡಿತೀರೇನ್ರಿ, ಚಾ ಕುಡಿತೀರೇನ್ರಿ?’ ಎಂದು ಕೇಳಿಯೇ ಕೇಳುತ್ತಾರೆ. ಬೆಂಗಳೂರು, ಮೈಸೂರಿನ ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿಯೂ ಏಳುತ್ತಿರಲಿಲ್ಲ, ಅಲ್ಲಿ ಉತ್ತರ ಚಹ. ಪ್ರಶ್ನೆ ಹುಟ್ಟುವುದು ನಡುವಿನ ನಾಡಿನಲ್ಲಿ ಮಾತ್ರ.

ಇದಕ್ಕೆ ಕಾರಣ ಹರಿಹರದ ಹೊಳೆಯ ದಂಡೆಯಲ್ಲಿ ನಿಂತರೆ ತಿಳಿಯುವುದು. 1956ರ ನವೆಂಬರ್ 1ರವರೆಗೆ ಈ ದಂಡೆ ಮೈಸೂರು ಸೀಮೆ, ಆ ದಂಡೆ ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆ. ನಮ್ಮ ಕಡೆಯ ಬಾಂಧವ್ಯ ಬೆಂಗಳೂರಿನೊಡನೆ, ಕಾಫಿಯ ತೋಟಗಳೊಡನೆ. ಅತ್ತಣವರ ವ್ಯಾಪಾರ ಮುಂಬಯಿ, ಪುಣೆಗಳೊಡನೆ. ಆಡಳಿತದ ಗಡಿ ಅಳಿಸಿಹೋದರೂ ನಾಲಗೆಯ ಗಡಿ ಅಳಿಯಲಿಲ್ಲ. 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೂ, ದಾವಣಗೆರೆಯ ಬಟ್ಟೆಯ ಗಿರಣಿಗಳಿಗೂ ಎರಡೂ ಸೀಮೆಯ ಜನ ದುಡಿಯಲು ಬಂದರು. ಒಬ್ಬರು ಲೋಟ ತಂದರು, ಒಬ್ಬರು ಕಪ್ಪು-ಬಸಿ ತಂದರು. ಮಂಡಕ್ಕಿ ಮೆಣಸಿನಕಾಯಿಗೆ ಖಡಕ್ ಚಹವೇ ಸರಿಯೆಂದೂ, ಬೆಣ್ಣೆದೋಸೆಯಾದ ಮೇಲೆ ಕಾಫಿಯೇ ಬೇಕೆಂದೂ ಒಬ್ಬರೇ ವಾದಿಸುವುದನ್ನು ನಮ್ಮೂರಿನಲ್ಲಿ ಕೇಳಬಹುದು. 1224ರಲ್ಲಿ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ಕೂಡಿ ನಿಂತಿರುವಾಗ, ಅವರ ಊರಿನಲ್ಲಿ ಈ ಜಗಳ ಬಗೆಹರಿಯದಿರುವುದು ಸೋಜಿಗವೇ ಸರಿ.

ಲೋಟದ ಮಾತು ಬಂದಿತಲ್ಲ. ಕುಡಿಯುವ ರೀತಿಯಲ್ಲಿಯೂ ಭೇದವುಂಟು. ‘ಕಚ್ಚಿ ಕುಡಿಯಬೇಡ, ಎತ್ತಿ ಕುಡಿ’ ಎಂಬ ಗದರಿಕೆಯನ್ನು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಎಂಜಲಿನ ಭಯದಿಂದ ಹುಟ್ಟಿದ ಈ ಪದ್ಧತಿಗೆ ಲೋಟದ ಅಗಲವಾದ ಕಂಠವೂ, ಬಟ್ಟಲಿಗೆ ಎತ್ತಿ ಹೊಯ್ದು ಆರಿಸುವ ಕ್ರಮವೂ ಒಗ್ಗಿಬಂದವು. ಆರಿಸುವುದರಲ್ಲಿ ಹಿತವೂ ಇದೆ: 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುವುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗ 2016ರಲ್ಲಿ ತಿಳಿಸಿತು. ಆದರೆ ಎಂಜಲಿನ ವಿಚಾರ ನೈರ್ಮಲ್ಯದಲ್ಲಿ ನಿಲ್ಲಲಿಲ್ಲ. ಕೆಲವರಿಗೆ ಬೇರೆಯ ಲೋಟ, ಅದನ್ನು ಅವರೇ ತೊಳೆದಿಡಬೇಕೆಂಬ ಕಟ್ಟಳೆ, ಹಳ್ಳಿಯ ಹೋಟೆಲುಗಳಲ್ಲಿ ಬಹುಕಾಲ ನಡೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಶಾಸನ ಅದನ್ನು ದಂಡನಾರ್ಹವೆಂದಿತು. ಶಾಸನವಾದ ಮಾತ್ರಕ್ಕೆ ಅದು ಎಲ್ಲೆಡೆ ನಿಂತುಹೋಗಲಿಲ್ಲ. ಲೋಟವನ್ನೇ ಆಯ್ದುಕೊಳ್ಳುವ ಸ್ವಾತಂತ್ರ್ಯವಿಲ್ಲದವನ ಮುಂದೆ ಸಕ್ಕರೆ ಕಡಮೆಯೋ ಹೆಚ್ಚೋ ಎಂಬ ಚರ್ಚೆ ಕ್ರೂರವಾಗಿ ಕೇಳಿಸುವುದು.

ಮನೆಯೊಳಗೂ ಇಂಥದೇ ಒಂದು ಕ್ರಮವುಂಟು, ಅಷ್ಟು ಕಠೋರವಲ್ಲದಿದ್ದರೂ. ಫಿಲ್ಟರಿನಲ್ಲಿ ಮೊದಲು ಇಳಿದ ಡಿಕಾಕ್ಷನ್ ಯಜಮಾನರಿಗೆ ಮತ್ತು ಅತಿಥಿಗಳಿಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದದ್ದು ಮಕ್ಕಳಿಗೆ. ಕೊನೆಗೆ ಉಳಿದ ತೆಳುನೀರಿಗೆ ಉಳಿದ ಹಾಲು ಬೆರೆಸಿ, ಮತ್ತೆ ಕಾಯಿಸಿ, ಒಲೆಯ ಮುಂದೆ ನಿಂತವರು ಕುಡಿಯುವರು. ಒಳ್ಳೆಯ ಸುವಾಸನೆ ಮೊದಲ ನೀರಿಗೇ ಹೋಗಿರುವುದು; ಮತ್ತೆ ಕಾಯಿಸಿದರೆ ಉಳಿದದ್ದೂ ಹಾರಿಹೋಗುವುದು. ಮನೆಯ ಪ್ರತಿಯೊಬ್ಬರ ಸಕ್ಕರೆಯ ಪ್ರಮಾಣವನ್ನೂ ಬಾಯಿಪಾಠವಾಗಿ ಬಲ್ಲ ತಾಯಿಗೆ ಎಂಥ ಕಾಫಿ ಇಷ್ಟವೆಂದು ಕೇಳಿದರೆ ‘ಯಾವುದಾದರೂ ಆದೀತು’ ಎಂಬ ಉತ್ತರವೇ ಬಹುಮಟ್ಟಿಗೆ ಬರುವುದು.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಕಾಫಿಯೂ ಚಹವೂ ಆಹಾರದ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಊಟದೊಡನೆ ಕುಡಿದ ಒಂದು ಕಪ್ಪು ಕಾಫಿಯಿಂದ ಕಬ್ಬಿಣದ ಹೀರಿಕೆ ಶೇಕಡಾ 39ರಷ್ಟು, ಚಹದಿಂದ 64ರಷ್ಟು ಇಳಿಯಿತು. ಊಟವಾಗಿ ಒಂದು ಗಂಟೆಯ ಮೇಲೆ ಕಾಫಿ ಕುಡಿದರೂ ನಷ್ಟ ಅಷ್ಟೇ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ನಷ್ಟ ಕಾಣಲಿಲ್ಲ. ಹಾಗಾದರೆ ಬೆಳಗ್ಗೆ ಎದ್ದೊಡನೆ ಕುಡಿಯುವ ಲೋಟಕ್ಕೆ ಅಡ್ಡಿಯಿಲ್ಲ. ತಿಂಡಿಯ ತಟ್ಟೆಯ ಪಕ್ಕದಲ್ಲಿರುವ ಲೋಟದ ವಿಷಯದಲ್ಲಿ ಎಚ್ಚರ ಬೇಕು. ಬಸ್ಸಿಗೆ ಹೊತ್ತಾಯಿತೆಂದು ತಿಂಡಿಗೆ ಬದಲಾಗಿ ಅದನ್ನೇ ಕುಡಿದು ಕಾಲೇಜಿಗೆ ಓಡಿಬರುವ ನಮ್ಮ ಸಹಪಾಠಿನಿಯರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.