ಗಟಾರವಲ್ಲ, ಅದು ಹಳ್ಳ

ಗೋಪನಕೊಪ್ಪ, ಬೆಂಗೇರಿ, ಉಣಕಲ್ ಇಂದು ಹುಬ್ಬಳ್ಳಿಯ ಬಡಾವಣೆಗಳು. ಒಂದು ಕಾಲಕ್ಕೆ ಹೊಲ, ಕೆರೆಗಳ ನಡುವಿನ ಬೇರೆ ಬೇರೆ ಊರುಗಳು. ಉಣಕಲ್ ಕೆರೆಯ ಕೋಡಿಯಿಂದ ಹೊರಟು ನಗರವನ್ನು ಸೀಳಿ ಹರಿಯುವ ನೀರಿಗೆ ಜನ ಈಗ 'ನಾಲಾ' ಎನ್ನುತ್ತಾರೆ. ಮನೆಗಳ ಬೆನ್ನಿಗೆ, ಸೇತುವೆಗಳ ಅಡಿಗೆ ಮರೆಯಾದ ಇದನ್ನು ಗಟಾರವೆಂದೇ ತಿಳಿದವರು ಬಹಳ. ಆದರೆ ಇದು ಬೆಣ್ಣಿಹಳ್ಳವನ್ನು ಸೇರುವ ಸಹಜ ಹಳ್ಳ. ಬೆಣ್ಣಿಹಳ್ಳ ಮಲಪ್ರಭೆಯನ್ನೂ, ಮಲಪ್ರಭೆ ಕೃಷ್ಣೆಯನ್ನೂ ಕೂಡುತ್ತವೆ.

ನದಿಯಿಲ್ಲದ ಹುಬ್ಬಳ್ಳಿಯನ್ನು ಬೆಳೆಸಿದ್ದು ಹತ್ತಿ. 1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಅಮೆರಿಕದ ತಳಿ ಬೇರೂರಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಅಭಾವವಾದಾಗ ಇಲ್ಲಿಯ ಅರಳೆಗೆ ಬೇಡಿಕೆ ಏರಿತು. ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದ ಹತ್ತಿಗೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಸ ಹಾದಿ ತೆರೆಯಿತು. 1885ರಲ್ಲಿ ರೈಲ್ವೆ ವರ್ಕ್‌ಶಾಪ್ ಆರಂಭವಾಯಿತು. ಅದರ ಹಿಂದೆಯೇ ಗಿರಣಿಗಳು ಬಂದವು. ಭಾರತ್ ಮಿಲ್, ಗಿರಣಿ ಚಾಳ ಎಂಬ ಹೆಸರುಗಳು ಆ ದಿನಗಳ ಕುರುಹಾಗಿ ಉಳಿದಿವೆ.

ಹಳ್ಳವನ್ನು ಕೆಡಿಸಿದ್ದು ಕಾರ್ಖಾನೆಗಳೇ ಎಂದು ಹೇಳಿಬಿಡುವುದು ಸುಲಭ. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ದುಡಿಮೆ ಅರಸಿ ಬಂದ ಜನವಸತಿ. ಊರು ಬೆಳೆದಂತೆ ಕೆರೆಯ ನೀರು ಸಾಲದಾಯಿತು. ಬೇಡ್ತಿ ಹೊಳೆಯ ನೀರಸಾಗರದಿಂದ, ನಂತರ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯ ಮಲಪ್ರಭಾ ಜಲಾಶಯದಿಂದ ನೀರು ತರಲಾಯಿತು. ಹೊರಗಿನಿಂದ ತಂದ ನೀರು ಬಚ್ಚಲು ದಾಟಿದ ಮೇಲೆ ಇಳಿಜಾರನ್ನೇ ಹಿಡಿಯಬೇಕು. ಆ ಇಳಿಜಾರೇ ಹಳ್ಳ. ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಬತ್ತಬೇಕಾದ ಹಳ್ಳ ಹೀಗೆ ವರ್ಷವಿಡೀ ಕೊಳಚೆ ಹರಿಯುವ ನಾಲಾ ಆಯಿತು.

ಇಲ್ಲೊಂದು ವಿಚಿತ್ರ ಸುತ್ತು ಇದೆ. ಮಲಪ್ರಭೆಯಿಂದ ಎತ್ತಿ ತಂದ ನೀರು ಬಳಕೆಯಾದ ಮೇಲೆ ನಾಲಾ, ಬೆಣ್ಣಿಹಳ್ಳಗಳ ಮೂಲಕ ಮತ್ತೆ ಮಲಪ್ರಭೆಯನ್ನೇ ಸೇರುತ್ತದೆ. ಆದರೆ ಅಣೆಕಟ್ಟೆಯ ಕೆಳಗೆ. ಆದ್ದರಿಂದ ಅದರ ಫಲ ನಗರದ ನಲ್ಲಿಗೆ ತಟ್ಟುವುದಿಲ್ಲ. ತಟ್ಟುವುದು ನವಲಗುಂದದ ಕಡೆ ಬೆಣ್ಣಿಹಳ್ಳದ ದಂಡೆಯಲ್ಲಿ ಹೊಲ, ದನಕರು ಇರುವವರಿಗೆ.

2019ರಲ್ಲಿ ಸ್ಮಾರ್ಟ್ ಸಿಟಿ ನಗರಗಳ ಪೈಕಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿನ ಯೋಜನೆಗೆ ಆಯ್ಕೆಯಾದ 12ರಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ನಾಲೆಯ ದಂಡೆಯಲ್ಲಿ ಸೈಕಲ್ ಹಾದಿ, ಹಸಿರು ಬೆಳೆಸುವುದು ಅದರ ಉದ್ದೇಶ. ದಂಡೆ ಚೆಂದವಾದರೆ ಜನರ ಕಣ್ಣು ಹಳ್ಳದತ್ತ ಹೊರಳೀತು. ಆದರೆ ನೀರು ತಿಳಿಯಾಗಬೇಕಾದರೆ ಕೊಳಚೆ ಬೇರೆ ಕೊಳವೆ ಹಿಡಿದು ಶುದ್ಧೀಕರಣ ಘಟಕ ಮುಟ್ಟಬೇಕು. ಅಲ್ಲಿಯವರೆಗೆ ಹುಬ್ಬಳ್ಳಿಯ ಬಚ್ಚಲ ನೀರಿನ ಲೆಕ್ಕ ನವಲಗುಂದದ ರೈತನ ಖಾತೆಗೇ ಬೀಳುತ್ತಿರುತ್ತದೆ.