ಹಳೆಯ ಮರದ ಮಿಲ್ಲನ್ನು ಕೊಂಡು ತರುವವರು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ ಮಾತಿನಲ್ಲಿ, ಮನೆ ಕಟ್ಟುವ ಕಷ್ಟದ ಬಹುಪಾಲು ಮರದ ಕೆಲಸದ್ದೇ ಆಗಿತ್ತು. ತೊಲೆ, ಪಕಾಸು, ರೀಪು, ದಾರಂದ ಇವೆಲ್ಲ ಒಂದು ದಿಮ್ಮಿಯೊಳಗಿಂದ ಹೊರಬರಬೇಕಾದರೆ ಇಬ್ಬರು ಆಳುಗಳು ಉದ್ದನೆಯ ಗರಗಸವನ್ನು ಹಿಡಿದು, ಒಬ್ಬನು ಮೇಲೆ, ಒಬ್ಬನು ಕೆಳಗೆ ನಿಂತು ದಿನಗಟ್ಟಲೆ ಎಳೆಯಬೇಕಾಗಿತ್ತು. ಕೆಳಗಿನವನ ತಲೆಯ ಮೇಲೆ ಮರದ ಹುಡಿ ಮಳೆಯಂತೆ ಬೀಳುತ್ತಿತ್ತು. ಬಳಿಕ ಬಂದುದು ಮರದ ಮಿಲ್ಲು. ಕಾಸರಗೋಡು, ವಯನಾಡುಗಳ ನಮ್ಮವರು ನೆರೆಯ ಮಲಯಾಳದಿಂದ ಎರವು ಪಡೆದು ಅದನ್ನು 'ಈರ್ಚಮಿಲ್ಲು' ಎಂದೂ ಕರೆಯುವುದುಂಟು.

ಮಿಲ್ಲು ಎಂದೊಡನೆ ಕಣ್ಣಿಗೆ ಕಟ್ಟುವುದು ಗಿರ್ರನೆ ತಿರುಗುವ ಹಲ್ಲಿನ ಚಕ್ರ. ಆದರೆ ಇಂದು ದೊಡ್ಡ ದಿಮ್ಮಿಗಳನ್ನು ಸೀಳುವ ಕೆಲಸವನ್ನು ಹೆಚ್ಚಾಗಿ ಪಟ್ಟಿಗರಗಸವೇ ಮಾಡುತ್ತದೆ. ಚಕ್ರಗರಗಸಕ್ಕೆ ಉಳಿದಿರುವುದು ಚಿಕ್ಕಪುಟ್ಟ ಕೆಲಸ. ಹೀಗೆ ಹಿಂದೆ ಸರಿದ ಹಳೆಯ ಚಕ್ರದ ಮಿಲ್ಲುಗಳನ್ನು ಅಮೆರಿಕದ ಹಳ್ಳಿಗಾಡಿನಲ್ಲಿ ಕೆಲವರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಪೊದೆಯೊಳಗೆ ತುಕ್ಕು ಹಿಡಿದು ಬಿದ್ದ ಕಬ್ಬಿಣವನ್ನು ಬಿಚ್ಚಿ, ಲಾರಿಯಲ್ಲಿ ಹೇರಿ, ಮನೆಗೆ ತಂದು ಮತ್ತೆ ಓಡಿಸುತ್ತಾರೆ. ಇದು ಹಣವುಳ್ಳವರ ಹುಚ್ಚು ಎಂದು ಮೇಲುನೋಟಕ್ಕೆ ತೋರಬಹುದು. ಒಳಹೊಕ್ಕು ನೋಡಿದರೆ ಅದರಲ್ಲಿ ನಾವೂ ಕಲಿಯತಕ್ಕ ವಿಷಯವಿದೆ.

ಚಕ್ರದ ಹುಟ್ಟು

ವೃತ್ತಾಕಾರದ ಗರಗಸಕ್ಕೆ ಇಂಗ್ಲೆಂಡಿನಲ್ಲಿ 1777ರಷ್ಟು ಹಿಂದೆಯೇ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬವರು ಹಕ್ಕುಪತ್ರ ಪಡೆದಿದ್ದರು. ಅದೇ ಊರಿನ ವಾಲ್ಟರ್ ಟೇಲರ್ ಹಡಗಿನ ರಾಟೆಗಳನ್ನು ತಯಾರಿಸಲು ಅಂಥ ಗರಗಸಗಳನ್ನು ಬಳಸುತ್ತಿದ್ದರು. ಅಮೆರಿಕದಲ್ಲಿ ಒಂದು ಸೊಗಸಾದ ಐತಿಹ್ಯವಿದೆ. ಶೇಕರ್ ಎಂಬ ಧಾರ್ಮಿಕ ಪಂಥಕ್ಕೆ ಸೇರಿದ ಟ್ಯಾಬಿತಾ ಬ್ಯಾಬಿಟ್ ಎಂಬ ನೇಕಾರ ಹೆಣ್ಣುಮಗಳು, ಇಬ್ಬರು ಗಂಡಸರು ಗರಗಸ ಎಳೆಯುವುದನ್ನು ನೋಡಿ, 'ಎಳೆದಾಗ ಕೊಯ್ಯುತ್ತದೆ, ತಳ್ಳಿದಾಗ ಶ್ರಮ ವ್ಯರ್ಥವಾಗುತ್ತದೆ' ಎಂದು ಯೋಚಿಸಿ, ನೂಲುವ ರಾಟೆಯ ಚಕ್ರಕ್ಕೆ ಹಲ್ಲಿನ ತಗಡನ್ನು ಸಿಕ್ಕಿಸಿ 1813ರ ಸುಮಾರಿಗೆ ಈ ಗರಗಸವನ್ನು ಕಂಡುಹಿಡಿದಳೆಂದು ಅವರು ಹೇಳುತ್ತಾರೆ. ಇಂಗ್ಲೆಂಡಿನ ದಾಖಲೆ ಅದಕ್ಕಿಂತ ಹಳೆಯದು. ಆದರೂ ಆ ಕಥೆಯೊಳಗಿನ ತರ್ಕ ಮಾತ್ರ ಸತ್ಯ: ಹಿಂದೆಮುಂದೆ ಆಡುವ ಗರಗಸಕ್ಕೆ ಅರ್ಧ ಹೊತ್ತು ಬಿಡುವು, ಚಕ್ರಕ್ಕೆ ಬಿಡುವೇ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರ ಈ ಚಕ್ರಕ್ಕೆ ಶಕ್ತಿ ಕೊಟ್ಟಿತು. ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ 1853ರಲ್ಲಿ ಜಾರ್ಜ್ ಫ್ರಿಕ್ ಆರಂಭಿಸಿದ ಕಂಪನಿಯಂಥವು ಉಗಿಯಂತ್ರಗಳ ಜೊತೆಗೆ, ಬಿಚ್ಚಿ ಸಾಗಿಸಬಹುದಾದ ಮಿಲ್ಲುಗಳನ್ನೂ ಮಾರಿದವು. ದಿಮ್ಮಿಯನ್ನು ಮಿಲ್ಲಿಗೆ ಎಳೆಯುವ ಬದಲು ಮಿಲ್ಲನ್ನೇ ಕಾಡಿಗೆ ಒಯ್ದರು. ಆ ಕಾಡಿನ ಮರ ಮುಗಿದರೆ ಮಿಲ್ಲು ಮುಂದಿನ ಕಾಡಿಗೆ ಹೋಗುತ್ತಿತ್ತು. ಆದುದರಿಂದ ಹಳೆಯ ಮಿಲ್ಲನ್ನು ಬಿಚ್ಚಿ ಒಯ್ಯುವುದು ಅದರ ಸ್ವಭಾವಕ್ಕೆ ವಿರುದ್ಧವಾದ ಕೆಲಸವೇನೂ ಅಲ್ಲ.

ಕೊಳ್ಳುವಾಗ ನೋಡತಕ್ಕದ್ದು

ಇಂಥ ಮಿಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ: ದಪ್ಪ ಮರದ ಅಥವಾ ಕಬ್ಬಿಣದ ಚೌಕಟ್ಟು; ಅದರ ಮೇಲೆ ತಿರುಗುವ ಅಚ್ಚು; ಅಚ್ಚಿನ ತುದಿಯಲ್ಲಿ ಎರಡು ಬಿಲ್ಲೆಗಳ ನಡುವೆ ಬಿಗಿದ ಗರಗಸಚಕ್ರ; ದಿಮ್ಮಿಯನ್ನು ಹೊತ್ತು ಹಳಿಯ ಮೇಲೆ ಹಿಂದೆಮುಂದೆ ಓಡುವ ಟ್ರಾಲಿ. ದಿಮ್ಮಿಯನ್ನು ಕಚ್ಚಿ ಹಿಡಿಯುವ ಕೊಕ್ಕೆಗಳೂ, ಹಲಗೆಯ ದಪ್ಪಕ್ಕೆ ಸರಿಯಾಗಿ ಅದನ್ನು ಮುಂದಕ್ಕೆ ಸರಿಸುವ ಹಲ್ಲುಚಕ್ರಗಳೂ ಟ್ರಾಲಿಯ ಮೇಲಿರುತ್ತವೆ.

ಕೊಳ್ಳಲು ಹೋದವರ ಕಣ್ಣು ಮೊದಲು ದೊಡ್ಡ ಚಕ್ರದ ಮೇಲೆ ಬೀಳುತ್ತದೆ. ಬಲ್ಲವರ ಕಣ್ಣು ಬೀಳುವುದು ಚಿಕ್ಕ ವಸ್ತುಗಳ ಮೇಲೆ. ಮರದ ಚೌಕಟ್ಟು ಗೆದ್ದಲು ತಿಂದು ಹೋಗಿದ್ದರೂ ಚಿಂತೆಯಿಲ್ಲ, ಮರವನ್ನು ಹೊಸದಾಗಿ ಕೂಡಿಸಬಹುದು. ಆದರೆ ಬೀಡುಕಬ್ಬಿಣದ ಭಾಗದಲ್ಲಿ ಬಿರುಕು ಬಿಟ್ಟಿದ್ದರೆ, ಅಚ್ಚು ಬಾಗಿದ್ದರೆ, ಬಿಲ್ಲೆಗಳ ಮುಖ ಸವೆದಿದ್ದರೆ, ಒಂದು ಹಲ್ಲುಚಕ್ರ ಕಾಣೆಯಾಗಿದ್ದರೆ ಅದೇ ದೊಡ್ಡ ಖರ್ಚು. ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೆ ಬಿಡಿಭಾಗ ಅಂಗಡಿಯಲ್ಲಿ ದೊರೆಯದು, ಅಚ್ಚೆರಕವನ್ನೇ ಹೊಯ್ಯಿಸಬೇಕಾಗುತ್ತದೆ.

ಚಕ್ರದ ಹಲ್ಲುಗಳನ್ನೂ ಪರೀಕ್ಷಿಸಬೇಕು. 1860ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ನೇಥನ್ ಸ್ಪಾಲ್ಡಿಂಗ್ ಎಂಬವರು ಕಳಚಿ ಹಾಕಬಹುದಾದ ಹಲ್ಲುಗಳನ್ನು ಪ್ರಚಾರಕ್ಕೆ ತಂದರು. ಒಂದೇ ತುಂಡಿನ ಚಕ್ರವನ್ನು ಅರದಿಂದ ತಿಕ್ಕಿದಂತೆಲ್ಲ ಅದರ ಅಳತೆ ಕುಗ್ಗುತ್ತದೆ. ಕಳಚುವ ಹಲ್ಲಾದರೆ ಸವೆದುದನ್ನು ತೆಗೆದು ಹೊಸದನ್ನು ಕೂಡಿಸಿದರಾಯಿತು, ಚಕ್ರ ಇದ್ದಷ್ಟೇ ಇರುತ್ತದೆ. ಹಳೆಯ ಚಕ್ರಕ್ಕೆ ಹೊಂದುವ ಹಲ್ಲು ಈಗಲೂ ಸಿಗುವುದೋ ಇಲ್ಲವೋ ಎಂಬುದನ್ನು ತಿಳಿದ ಮೇಲೆಯೇ ಬೆಲೆಯ ಮಾತು.

ಮನೆಗೆ ಒಯ್ಯುವ ಬಗೆ

ಬಿಚ್ಚುವ ಮುನ್ನ ಅಳೆಯಬೇಕು. ಅಚ್ಚಿನಿಂದ ಹಳಿಗೆ ಎಷ್ಟು ದೂರ, ಟ್ರಾಲಿಗೂ ಚಕ್ರಕ್ಕೂ ಎಷ್ಟು ಸಂದು, ಯಾವ ಪುಲ್ಲಿಗೆ ಯಾವ ಅಳತೆ ಎಂಬುದೆಲ್ಲ ಕಾಗದದ ಮೇಲೆ ಬರಬೇಕು. ಪ್ರತಿಯೊಂದು ತುಂಡಿಗೂ ಬಣ್ಣದಿಂದ ಅಂಕೆ ಹಾಕಬೇಕು. ತೆಗೆದ ಬೋಲ್ಟನ್ನು ಅದೇ ತೂತಿಗೆ ಸೇರಿಸಿ ನಟ್ಟು ತಿರುಗಿಸಿಡುವುದು ಹಳಬರ ಪದ್ಧತಿ. ತುಕ್ಕು ಹಿಡಿದ ನಟ್ಟನ್ನು ಬಡಿದು ಮುರಿಯುವುದಕ್ಕಿಂತ, ಎಣ್ಣೆ ಹಾಕಿ ಎರಡು ದಿನ ಕಾಯುವುದು ಲೇಸು.

ನಾಲ್ಕು ಅಡಿ ವ್ಯಾಸದ ಚಕ್ರದ ದಪ್ಪ ಒಂದು ಅಂಗುಲದ ಆರನೆಯ ಒಂದು ಪಾಲಿನಷ್ಟಿದ್ದರೆ ಅದರ ತೂಕ ಲೆಕ್ಕದ ಪ್ರಕಾರ ಸುಮಾರು 38 ಕಿಲೊ ಆಗುತ್ತದೆ. ಇಬ್ಬರು ಎತ್ತಬಹುದಾದ ತೂಕವೇ ಸರಿ. ಆದರೆ ಅದನ್ನು ಕೆಳಗೆ ಬೀಳಿಸುವುದಾಗಲಿ, ಇತರ ಕಬ್ಬಿಣದ ಅಡಿಯಲ್ಲಿ ಹಾಕಿ ಬಾಗಿಸುವುದಾಗಲಿ ಸಲ್ಲದು. ಹಲಗೆಯ ಮೇಲೆ ಮಲಗಿಸಿ, ಹಲ್ಲುಗಳಿಗೆ ಹೊದಿಕೆ ಹಾಕಿ ಒಯ್ಯಬೇಕು. ಹಳಿಯೂ ಟ್ರಾಲಿಯೂ ಉದ್ದವಾದುದರಿಂದ ಲಾರಿಯನ್ನು ಅವುಗಳ ಅಳತೆಗೆ ತಕ್ಕಂತೆ ಗೊತ್ತುಮಾಡಬೇಕು.

ಚಕ್ರದೊಳಗಿನ ವಿದ್ಯೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ಚಕ್ರ ನೋಡುವುದಕ್ಕೆ ಚಪ್ಪಟೆಯಾದ ತಟ್ಟೆ. ಆದರೆ ಒಳ್ಳೆಯ ಚಕ್ರವು ನಿಂತಿರುವಾಗ ಪೂರ್ಣ ಬಿಗಿಯಾಗಿರುವುದಿಲ್ಲ. ಅದರ ನಡುಭಾಗವನ್ನು ಸುತ್ತಿಗೆಯಿಂದ ಬಡಿದು ತುಸು ಸಡಿಲಗೊಳಿಸಿರುತ್ತಾರೆ. ಇದಕ್ಕೆ ಕಾರಣವೇನು?

ನಾಲ್ಕು ಅಡಿ ವ್ಯಾಸದ ಚಕ್ರದ ಸುತ್ತಳತೆ ಸುಮಾರು ಹನ್ನೆರಡೂವರೆ ಅಡಿ. ಅದು ನಿಮಿಷಕ್ಕೆ 700 ಸುತ್ತು ಸುತ್ತಿದರೆ ಹಲ್ಲಿನ ವೇಗ ನಿಮಿಷಕ್ಕೆ 8,800 ಅಡಿ, ಅಂದರೆ ಗಂಟೆಗೆ ಸುಮಾರು 160 ಕಿಲೊಮೀಟರ್. ಆ ವೇಗದಲ್ಲಿ ಉಕ್ಕಿನ ಅಂಚು ಹೊರಕ್ಕೆ ಸೆಳೆಯಲ್ಪಟ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಕೊಯ್ಯುವಾಗಿನ ಬಿಸಿ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ. ನಡುಭಾಗದಲ್ಲಿ ಮೊದಲೇ ಸಡಿಲ ಇಲ್ಲದಿದ್ದರೆ ಹಿಗ್ಗಿದ ಅಂಚು ಹಪ್ಪಳದಂತೆ ಅಲೆಯಲೆಯಾಗಿ, ಹಲಗೆ ಸೊಟ್ಟಗಾಗುತ್ತದೆ. ನಡುವೆ ಸಡಿಲವಿದ್ದರೆ ವೇಗ ಬಂದಾಗ ಒಂದು ಇನ್ನೊಂದನ್ನು ಸರಿದೂಗಿಸಿ ತಟ್ಟೆ ನೇರವಾಗುತ್ತದೆ. ಆದುದರಿಂದ ಪ್ರತಿಯೊಂದು ಚಕ್ರವನ್ನೂ ಅದು ತಿರುಗಬೇಕಾದ ವೇಗಕ್ಕೆ ತಕ್ಕಂತೆ ಬಡಿಯಬೇಕು. ಹೆಚ್ಚು ವೇಗಕ್ಕೆ ಬಡಿದ ಚಕ್ರವನ್ನು ನಿಧಾನವಾಗಿ ತಿರುಗಿಸಿದರೆ ಅದು ಓಲಾಡುತ್ತದೆ. ಹಳೆಯ ಚಕ್ರವನ್ನು ಕೊಂಡವನು ಅದನ್ನು ಬಡಿಯಬಲ್ಲ ಕುಶಲಿಯನ್ನು ಹುಡುಕಲೇಬೇಕು. ಅಂಥವರು ಅಮೆರಿಕದಲ್ಲಿಯೂ ವಿರಳ.

ಜೋಡಣೆಯಲ್ಲಿಯೂ ಇಂಥ ಸೂಕ್ಷ್ಮಗಳಿವೆ. ಅಡಿಪಾಯವನ್ನು ರಸಮಟ್ಟದಿಂದ ನೋಡಿ ಸಮಗೊಳಿಸಬೇಕು. ಚಕ್ರವು ಹಳಿಗೆ ತೀರ ಸಮಾನಾಂತರವಾಗಿರಬಾರದು. ಅದರ ಮುಂಭಾಗ ದಿಮ್ಮಿಯ ಕಡೆಗೆ ಎಳ್ಳಷ್ಟು ವಾಲಿರಬೇಕು. 20 ಅಡಿ ಉದ್ದಕ್ಕೆ ಅಂಗುಲದ ಎಂಟನೆಯ ಒಂದು ಪಾಲು ಎಂಬುದು ಅವರ ರೂಢಿಯ ಲೆಕ್ಕ. ಇಷ್ಟು ಇಲ್ಲದಿದ್ದರೆ ಚಕ್ರದ ಹಿಂಭಾಗ ಮರಕ್ಕೆ ಉಜ್ಜಿ ಕಾಯುತ್ತದೆ. ಹೆಚ್ಚಾದರೆ ಚಕ್ರ ದಿಮ್ಮಿಯೊಳಕ್ಕೆ ನುಗ್ಗುತ್ತದೆ. ಅನುಭವಿಗಳು ಯಂತ್ರವನ್ನು ಪೂರ್ತಿ ನಿಲ್ಲಿಸಿದ ಬಳಿಕ ನಡು ಬಿಸಿಯಾಗಿದೆಯೋ ಅಂಚು ಬಿಸಿಯಾಗಿದೆಯೋ ಎಂದು ಮುಟ್ಟಿ ನೋಡಿ ದೋಷವನ್ನು ಗುರುತಿಸುತ್ತಾರೆ.

ಅಚ್ಚು ಕೂರುವ ಬೇರಿಂಗುಗಳಿಗೆ ಹಳೆಯ ಮಿಲ್ಲುಗಳಲ್ಲಿ ಐಸಾಕ್ ಬ್ಯಾಬಿಟ್ 1839ರಲ್ಲಿ ಹಕ್ಕುಪತ್ರ ಪಡೆದ ಮೃದುಲೋಹವನ್ನು ಕರಗಿಸಿ ಹೊಯ್ಯುತ್ತಿದ್ದರು. ಲೋಹ ಅಂಟದಂತೆ ಅಚ್ಚಿಗೆ ದೀಪದ ಮಸಿ ಹಿಡಿಸುತ್ತಿದ್ದರು. ಕರಗಿದ ಲೋಹದಲ್ಲಿ ಮರದ ಕಡ್ಡಿಯನ್ನು ಅದ್ದಿ, ಅದು ಕಂದುಗಟ್ಟಿದ ಬಗೆಯಿಂದ ಶಾಖವನ್ನು ಅಳೆಯುತ್ತಿದ್ದರು. ಈಗಲೂ ಹಳೆಯ ಮಿಲ್ಲಿಗೆ ಜೀವ ಕೊಡುವವರು ಹೀಗೆಯೇ ಮಾಡುತ್ತಾರೆ.

ಎಚ್ಚರದ ಮಾತು ಒಂದಿದೆ. ಹಳೆಯ ಮಿಲ್ಲುಗಳಿಗೆ ಮುಚ್ಚಳವಾಗಲಿ ಬೇಲಿಯಾಗಲಿ ಇರುತ್ತಿರಲಿಲ್ಲ. ಸೀಳಿದ ಮರ ಹಿಂದಿನಿಂದ ಚಕ್ರವನ್ನು ಅಪ್ಪಿದರೆ ಹಲಗೆ ಬಾಣದಂತೆ ಹಾರುತ್ತದೆ. ಆದುದರಿಂದ ಚಕ್ರದ ಹಿಂದೆ ಸೀಳನ್ನು ಅಗಲಿಸಿ ಹಿಡಿಯುವ ಉಕ್ಕಿನ ತಟ್ಟೆಯನ್ನು ನಿಲ್ಲಿಸದೆ, ಬೆಲ್ಟಿಗೂ ಚಕ್ರಕ್ಕೂ ಮರೆ ಕಟ್ಟದೆ ಅದನ್ನು ಓಡಿಸಲೇಬಾರದು.

ಸೋತುದೇಕೆ?

ಇಷ್ಟು ವಿದ್ಯೆಯಿದ್ದ ಚಕ್ರ ಹಿಂದೆ ಸರಿದುದೇಕೆ ಎಂಬುದಕ್ಕೆ ಶಾಲೆಯ ಹುಡುಗರೂ ಮಾಡಬಹುದಾದ ಲೆಕ್ಕವಿದೆ. ಹನ್ನೆರಡು ಅಂಗುಲದ ಚೌಕ ತೊಲೆಯಿಂದ ಒಂದಂಗುಲದ ಹಲಗೆಗಳನ್ನು ತೆಗೆಯೋಣ. ಚಕ್ರಗರಗಸ ಪ್ರತಿ ಸೀಳಿಗೆ ಕಾಲು ಅಂಗುಲವನ್ನು ಹುಡಿ ಮಾಡಿದರೆ ದೊರೆಯುವುದು ಒಂಬತ್ತು ಹಲಗೆ. ಪಟ್ಟಿಗರಗಸ ಅಂಗುಲದ ಹತ್ತನೆಯ ಒಂದು ಪಾಲನ್ನು ಮಾತ್ರ ತಿಂದರೆ ಹನ್ನೊಂದು ಹಲಗೆ. ಮರ ದುಬಾರಿಯಾದ ಕಾಲದಲ್ಲಿ ಎರಡು ಹಲಗೆಯ ನಷ್ಟವನ್ನು ಯಾವ ವ್ಯಾಪಾರಿಯೂ ಸಹಿಸನು. ಹೀಗಾಗಿ ಹಳೆಯ ಮಿಲ್ಲನ್ನು ಕೊಂಡು ತರುವವರು ಲಾಭದ ಲೆಕ್ಕ ಹಾಕಿ ತರುವುದು ಕಡಿಮೆ. ಅಯೋವಾ ಪ್ರಾಂತದ ಮೌಂಟ್ ಪ್ಲೆಸೆಂಟಿನಲ್ಲಿ 1950ರಲ್ಲಿ ಆರಂಭವಾದ ಹಳೆಯ ಯಂತ್ರಗಳ ಜಾತ್ರೆಯಂಥ ಕೂಟಗಳಲ್ಲಿ ಅವರು ಉಗಿಯಂತ್ರಕ್ಕೆ ಮಿಲ್ಲನ್ನು ಹೂಡಿ ಓಡಿಸಿ, ಮಕ್ಕಳಿಗೆ ತೋರಿಸುತ್ತಾರೆ.

ನಮ್ಮ ಕಡೆಯ ಮಾತು

ನಮ್ಮ ನೆರೆಯ ಕೋಳಿಕ್ಕೋಡಿನ ಕಲ್ಲಾಯಿ ಒಂದು ಕಾಲದಲ್ಲಿ ಜಗತ್ತಿಗೇ ಹೆಸರಾದ ಮರದ ಪೇಟೆಯಾಗಿತ್ತು. ನಿಲಂಬೂರಿನ ತೇಗದ ದಿಮ್ಮಿಗಳು ಹೊಳೆಯಲ್ಲಿ ತೇಲಿ ಅಲ್ಲಿಗೆ ಬರುತ್ತಿದ್ದವು. ಅದೇ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಕಲೆಕ್ಟರ್ ಕೊನೊಲಿಯವರ ಕಾಲದಲ್ಲಿ ನೆಟ್ಟ ತೇಗದ ತೋಪಿನ ಒಂದು ಭಾಗ ಇಂದಿಗೂ ನಿಂತಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಹೆಂಚಿನವಾದವು. ರೀಪು ಒಂದೇ ಅಳತೆಯದಾದರೆ ಮಾತ್ರ ಆ ಹೆಂಚು ಸಮವಾಗಿ ಕೂರುತ್ತದೆ.

ಅದೇ ಗರಗಸ ಕಾಡನ್ನು ತಿಂದುದೂ ನಿಜ. ನೀಲಗಿರಿಯ ಗೂಡಲೂರಿನ ಕಾಡು ನಾಶವಾಗುವುದನ್ನು ಕಂಡು ನಿಲಂಬೂರು ಕೋವಿಲಗದ ಟಿ. ಎನ್. ಗೋದವರ್ಮನ್ ತಿರುಮುಲ್ಪಾಡರು 1995ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1996ರ ಡಿಸೆಂಬರ್ 12ರಂದು ನ್ಯಾಯಾಲಯವು, ಕೇಂದ್ರ ಸರಕಾರದ ಒಪ್ಪಿಗೆಯಿಲ್ಲದೆ ಅರಣ್ಯದೊಳಗೆ ನಡೆಯುವ ಮರದ ಮಿಲ್ಲುಗಳೂ ಸೇರಿದಂತೆ ಎಲ್ಲ ಅರಣ್ಯೇತರ ಕೆಲಸಗಳು ನಿಲ್ಲಬೇಕೆಂದು ಆಜ್ಞಾಪಿಸಿತು. ನಮ್ಮಲ್ಲಿ ಮರದ ಮಿಲ್ಲು ನಡೆಸಲು ಪರವಾನಗಿ ಅಗತ್ಯ. ಆದುದರಿಂದ ನಮ್ಮಲ್ಲಿ ಯಾರಾದರೂ ಹಳೆಯ ಮಿಲ್ಲನ್ನು ಕೊಂಡು ತರುವ ಆಸೆ ಪಟ್ಟರೆ ಮೊದಲು ಹೋಗಬೇಕಾದುದು ಅರಣ್ಯ ಇಲಾಖೆಯ ಕಚೇರಿಗೆ.

ಆದರೆ ವಿದ್ಯೆಯನ್ನು ಕಾಪಾಡಲು ಪರವಾನಗಿ ಬೇಕಾಗಿಲ್ಲ. ಗುಜರಿಗೆ ಹೋದ ಮಿಲ್ಲಿನ ಕಬ್ಬಿಣಕ್ಕೆ ಕಿಲೊ ಲೆಕ್ಕದಲ್ಲಿ ಬೆಲೆ ಬರುತ್ತದೆ. ಅದರೊಡನೆ ಹೋಗುವ ಕೈಚಳಕಕ್ಕೆ ಬೆಲೆ ಕಟ್ಟುವವರಿಲ್ಲ. ಎರಡು ಮೂರು ಭಾಷೆಗಳ ನಡುವೆ ಬದುಕುವ ನಮ್ಮಲ್ಲಿ ಈ ಕಸುಬಿನ ಮಾತುಗಳೂ ಎರಡು ಮೂರು ಭಾಷೆಗಳಿಂದ ಕೂಡಿ ಬಂದಿವೆ. ಅವು ಯಾವ ನಿಘಂಟಿನಲ್ಲಿಯೂ ಪೂರ್ಣವಾಗಿ ಸಿಗಲಾರವು. ನಿಮ್ಮ ಊರಿನಲ್ಲಿ ಗರಗಸಕ್ಕೆ ಅರ ಹಾಕುತ್ತಿದ್ದ, ದಿಮ್ಮಿಯನ್ನು ನೋಡಿದೊಡನೆ ಎಷ್ಟು ಹಲಗೆ ಬರುವುದೆಂದು ಹೇಳಬಲ್ಲ ಹಿರಿಯರಿದ್ದರೆ, ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಅವರ ಜಗಲಿಯಲ್ಲಿ ಕುಳಿತುಕೊಳ್ಳಿರಿ. ಅವರು ಯಾವ ಉಪಕರಣಕ್ಕೆ ಯಾವ ಹೆಸರು ಹೇಳುತ್ತಾರೆ, ಯಾವ ಮರವನ್ನು ಯಾವ ತಿಂಗಳಲ್ಲಿ ಕೊಯ್ಯಬೇಕೆನ್ನುತ್ತಾರೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿಸಿರಿ. ಯಂತ್ರವನ್ನು ಲಾರಿಯಲ್ಲಿ ತರುವ ಅನುಕೂಲ ಎಲ್ಲರಿಗೂ ಇರಲಾರದು, ಆದರೆ ಈ ಕೆಲಸವನ್ನು ಯಾವ ಮನೆಯವರಾದರೂ ಮಾಡಬಹುದು.